ಕೊಪ್ಪದಲ್ಲಿ ಹನ್ನೆರಡು

ಪರಮೇಶ್ವರಪ್ಪನವರ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತಿಗೆ ಜಾಗವಿರಲಿಲ್ಲ. ಬಾಳೆಹೊನ್ನೂರು ಪೇಟೆಯಲ್ಲಿ ಅಜ್ಜನ ಕಾಲದಿಂದ ನಡೆದು ಬಂದ ದಿನಸಿ ಅಂಗಡಿ ಅದು. ಬೆಲ್ಲ ತೀರಿದ್ದರೆ ‘ಸಂಜೆ ಬರುತ್ತೆ’, ಸೀಮೆಎಣ್ಣೆ ತೀರಿದ್ದರೆ ‘ಲಾರಿ ಹೊರಟಿದೆ’. ಗಲ್ಲಾದ ಮೇಲೆ ಕೂತವನು ಗಿರಾಕಿಯ ಮುಖ ನೋಡಿ ಇಲ್ಲ ಎಂದುಬಿಟ್ಟರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅಜ್ಜ ಹೇಳಿದ್ದರಂತೆ. ಆ ಪದ್ಧತಿಯನ್ನು ಪರಮೇಶ್ವರಪ್ಪನವರು ಕಂಪ್ಯೂಟರಿಗೂ ಕಲಿಸಿದರು. ಕಲಿಸಿದ ಕೈ ಮಾತ್ರ ಅರ್ಪಿತಾಳದು.

ಅರ್ಪಿತಾ ಹಿರೇಕೊಡಿಗೆಯ ಹುಡುಗಿ. ಶಿವಮೊಗ್ಗದಲ್ಲಿ ಬಿಸಿಎ ಮುಗಿಸಿಕೊಂಡು ಬಂದು ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿದ್ದ ಪ್ರಸನ್ನಕುಮಾರರ ಕಂಪ್ಯೂಟರ್ ಸೆಂಟರಿಗೆ ಸೇರಿದ್ದಳು. ಮಾತು ಕಡಿಮೆ. ಬಸ್ಸಿನಲ್ಲಿ ‘ಇಲ್ಲಿ ಇಳಿಸಿ’ ಎಂದು ಕೂಗಲಾರದೆ ಮುಂದಿನ ಸ್ಟಾಪಿನವರೆಗೂ ಹೋಗಿ ನಡೆದು ವಾಪಸು ಬರುವವಳು. ಇದನ್ನು ಕಂಡಕ್ಟರ್ ಮಾರಪ್ಪ ಯಾವತ್ತೋ ಕಂಡುಹಿಡಿದಿದ್ದ. ಅವಳ ಸ್ಟಾಪು ಬಂದ ಕೂಡಲೇ ತಾನೇ ಸೀಟಿ ಊದಿ, “ಇಳೀರಿ ಮೌನಗೌರಿ” ಎನ್ನುತ್ತಿದ್ದ.

ಪರಮೇಶ್ವರಪ್ಪನವರು ಅಧ್ಯಕ್ಷರಾಗಿದ್ದ ಟ್ರಸ್ಟಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಒಂದೊಂದು ಸಣ್ಣ ದವಾಖಾನೆಯಿತ್ತು. ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ಅಲ್ಲಿ ಸಿಗುತ್ತದೆಂದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು. ಆದರೆ ಆ ಬಾಟ್ಲಿಗಳು ಬೇಕೆಂದಾಗ ಬರುವಂಥವಲ್ಲ. ಬಂದಷ್ಟನ್ನು ಮೂರು ಕಡೆಗೂ ಹಂಚಿ ಇಟ್ಟುಕೊಂಡು, ಒಂದು ಕಡೆ ತೀರಿದರೆ ರೋಗಿಯನ್ನು ಇನ್ನೊಂದು ಕಡೆಗೆ ಕಳಿಸಬೇಕು. ಎಲ್ಲಿ ಎಷ್ಟಿದೆ ಎಂಬ ಸುದ್ದಿಯನ್ನು ಮೊದಲು ಒಯ್ಯುತ್ತಿದ್ದವನು ಮಾರಪ್ಪ. ಬೆಳಗಿನ ಬಸ್ಸಿಗೆ ಕೊಪ್ಪದಿಂದ ಒಂದು ಚೀಟಿ, ಸಂಜೆಯ ಬಸ್ಸಿಗೆ ನರಸಿಂಹರಾಜಪುರದಿಂದ ಒಂದು. ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಟ್ರಸ್ಟಿನವರು ಚೀಟಿ ನಿಲ್ಲಿಸಿ ಮೂರು ಕಂಪ್ಯೂಟರ್ ತಂದರು. ಪ್ರೋಗ್ರಾಮ್ ಬರೆಯುವ ಕೆಲಸ ಪ್ರಸನ್ನಕುಮಾರರಿಗೆ ಬಂತು, ಅವರಿಂದ ಅರ್ಪಿತಾಳಿಗೆ ಬಂತು.

ಅವಳಿಗೆ ಅದು ಹಬ್ಬದ ಹಾಗಿತ್ತು. ಕಾಲೇಜಿನ ಕೊನೆಯ ವರ್ಷ ಮೇಷ್ಟ್ರು ಬೋರ್ಡಿನ ಮೇಲೆ ಒಂದರ ಕೆಳಗೊಂದು ಮೂರು ಚೌಕ ಬರೆದು ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಮೇಲಿನ ಪದರ ಜನರಿಗೆ ಕಾಣುವ ಪರದೆ. ಕೆಳಗಿನದು ಲೆಕ್ಕ ಇಟ್ಟುಕೊಳ್ಳುವ ಉಗ್ರಾಣ. ನಡುವಿನದು ಯೋಚನೆ ಮಾಡುವ ಪದರ. ಪರದೆ ಉಗ್ರಾಣಕ್ಕೆ ನೇರವಾಗಿ ಕೈ ಹಾಕುವ ಹಾಗಿಲ್ಲ, ನಡುವಿನದನ್ನೇ ಕೇಳಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಲೆ ಹಾಕದೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತ, ಜಗಳವಿಲ್ಲದೆ ನಡೆಯುವ ಮನೆ. ಇಂಥ ಮನೆ ಕಟ್ಟುವುದಕ್ಕೆ ಹಲವರು ಕಟ್ಟಿ ನೋಡಿ ಗಟ್ಟಿಯಾದ ಮಾದರಿಗಳಿವೆ, ಪ್ಯಾಟರ್ನ್ ಅಂತಾರೆ ಎಂದು ಮೇಷ್ಟ್ರು ಹೇಳಿದಾಗ ಕ್ಲಾಸಿನಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ಅರ್ಪಿತಾಳಿಗೆ ಮಾತ್ರ ಯಾರೋ ತನ್ನಂಥವಳಿಗಾಗಿಯೇ ಒಂದು ಲೋಕ ಮಾಡಿಟ್ಟಿದ್ದಾರೆ ಅನ್ನಿಸಿತ್ತು.

ಉಗ್ರಾಣವನ್ನು ಕೊಪ್ಪದಲ್ಲಿಟ್ಟಳು. ಪರದೆ ಮತ್ತು ನಡುವಿನ ಪದರ ಮೂರೂ ದವಾಖಾನೆಗಳಲ್ಲಿ. ನಡುವಿನ ಪದರ ಫೋನ್ ತಂತಿಯ ಮೇಲೆ ಕೊಪ್ಪವನ್ನು ಕೇಳಿ ಉತ್ತರ ತರುತ್ತದೆ. ತಂತಿ ಹರಿದು ಉತ್ತರ ಬಾರದೆ ಹೋದರೆ ಪರದೆಯ ಮೇಲೆ ‘ಗೊತ್ತಿಲ್ಲ’ ಎಂದು ಬರುತ್ತದೆ.

ಪ್ರೋಗ್ರಾಮಿನ ಪರೀಕ್ಷೆಯ ದಿನ ನರಸಿಂಹರಾಜಪುರದಲ್ಲಿ ಟ್ರಸ್ಟಿನವರೆಲ್ಲ ಕೂತಿದ್ದಾಗಲೇ ಲೈನು ಹೋಯಿತು. ‘ಕೊಪ್ಪ: ಗೊತ್ತಿಲ್ಲ. ಶೃಂಗೇರಿ: ಗೊತ್ತಿಲ್ಲ’ ಎಂದು ಪರದೆ ಹೇಳಿತು. ಪರಮೇಶ್ವರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಎಂತ ಪ್ರಸನ್ನ, ಇಷ್ಟು ದೊಡ್ಡ ಪೆಟ್ಟಿಗೆ ತಂದು ಗೊತ್ತಿಲ್ಲ ಅನ್ನಿಸ್ತೀಯಲ್ಲ! ಇದಕ್ಕಿಂತ ನಮ್ಮ ಮಾರಪ್ಪನೇ ವಾಸಿ. ಅವನು ಟಿಕೆಟ್ ಬೇರೆ ಕೊಡ್ತಿದ್ದ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವರ ದನಿ ಬದಲಾಯಿತು.

“ನೋಡು, ಬಂದವರು ಜೀವ ಕೈಲಿ ಹಿಡ್ಕೊಂಡು ಬಂದಿರ್ತಾರೆ. ಅವರ ಮುಖಕ್ಕೆ ಗೊತ್ತಿಲ್ಲ ಅಂತ ಹೊಡೆಯೋದು ನಮ್ಮ ಪದ್ಧತಿ ಅಲ್ಲ. ಏನಾದ್ರೂ ಒಂದು ಹೇಳಲಿ ಅದು.”

ಕೊಪ್ಪಕ್ಕೆ ಮರಳುವ ದಾರಿಯಲ್ಲಿ ಪ್ರಸನ್ನಕುಮಾರ್ ಬಗೆಹರಿಸಿಬಿಟ್ಟರು. “ಲೈನ್ ಇಲ್ಲದಾಗ ಹಿಂದಿನ ಸಲ ಬಂದಿದ್ದ ನಂಬರನ್ನೇ ತೋರಿಸು. ಅಷ್ಟೇ ತಾನೆ?”

ಉತ್ತರವನ್ನು ಹತ್ತಿರ ಇಟ್ಟುಕೊಂಡು ಮತ್ತೆ ಕೊಡುವುದೂ ಒಂದು ಪ್ಯಾಟರ್ನೇ, ತಪ್ಪಲ್ಲ. ಆದರೆ ಉತ್ತರದ ಜೊತೆ ಅದರ ವಯಸ್ಸೂ ಹೋಗಬೇಕು.

“ಸರ್, ಯಾವಾಗಿನ ಲೆಕ್ಕ ಅಂತ ಕೆಳಗೆ ಸಣ್ಣದಾಗಿ ಹಾಕ್ತೀನಿ.”

“ಹಾಕಿದ್ರೆ ಇದೇನು ನಿನ್ನೆ ತಂಗಳಾ ಅಂತ ಅದಕ್ಕೂ ನಗ್ತಾರೆ. ಬೇಡ ಬಿಡು. ಮಳೆಗಾಲ ಕಳೀಲಿ, ಆಮೇಲೆ ನೋಡೋಣ.”

ಲೈನು ಹೋಗುವುದೇ ಮಳೆಗಾಲದಲ್ಲಿ. ಅದನ್ನು ಹೇಳುವ ಬದಲು ಅವಳು ‘ಆಯ್ತು ಸರ್’ ಎಂದಳು. ಮರುದಿನ ನಡುವಿನ ಪದರದಲ್ಲಿ ನಾಲ್ಕು ಸಾಲು ಅಳಿಸಿ ಮೂರು ಸಾಲು ಬರೆದಳು. ಅಂದಿನಿಂದ ಪರದೆ ಯಾವತ್ತೂ ತಡವರಿಸಲಿಲ್ಲ.

ಆಷಾಢದ ಗಾಳಿಗೆ ಮರ ಬಿದ್ದು, ಕಂಬ ವಾಲಿ, ನರಸಿಂಹರಾಜಪುರದ ಲೈನು ಹೋಯಿತು. ಮೋಡೆಮ್ಮಿನ ದೀಪ ಹತ್ತುತ್ತಿಲ್ಲ, ನೋಡಿಕೊಂಡು ಬಾ ಎಂದು ಪ್ರಸನ್ನಕುಮಾರ್ ಅರ್ಪಿತಾಳನ್ನು ಕಳಿಸಿದರು. ಬೆಳಿಗ್ಗೆ ಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಟ್ರಸ್ಟಿನ ದವಾಖಾನೆಯ ಮುಂದೆ ಜನ ಸೇರಿದ್ದು ಕಂಡಿತು. ಜೀಪಿನಿಂದ ಒಬ್ಬನನ್ನು ಕಂಬಳಿಯಲ್ಲಿ ಇಳಿಸುತ್ತಿದ್ದರು. “ಎಂತಾಯ್ತಂತೆ?” ಎಂದು ಪಕ್ಕದವರು ಕೇಳಿದರು. “ಹುಳ ಮುಟ್ಟಿದ್ಯಂತೆ” ಎಂದು ಯಾರೋ ಹಾವಿನ ಹೆಸರೆತ್ತದೆ ಹೇಳಿದರು. ಅಷ್ಟರಲ್ಲಿ ಬಸ್ಸು ಬಂತು.

ನರಸಿಂಹರಾಜಪುರದ ದವಾಖಾನೆಯಲ್ಲಿ ಅಂದು ನರ್ಸ್ ಕಮಲಕ್ಕ ಒಬ್ಬಳೇ. ಅಲ್ಲಿನ ಡಾಕ್ಟರು ಶೃಂಗೇರಿಗೆ ಹೋಗುವ ದಿನ. ಲೈನು ಸತ್ತಿದ್ದು ಕಂಬದಲ್ಲೇ, ಇಲ್ಲಿ ಮಾಡುವಂಥದ್ದು ಏನಿಲ್ಲ ಎಂದು ಅರ್ಪಿತಾಳಿಗೆ ಬೇಗ ಗೊತ್ತಾಯಿತು. ಆದರೂ ಬಂದ ಮೇಲೆ ಎಂದು ಮೇಜಿನ ಕೆಳಗೆ ಕೂತು ವಯರುಗಳನ್ನು ಬಿಚ್ಚಿ ಒರೆಸುತ್ತಿದ್ದಳು.

“ಇಲಿ ಹಂಗೆ ಅಲ್ಲೇ ಕೂತ್ಕೊಂಡ್ಯಲ್ಲ ಮಾರಾಯ್ತಿ, ಹೊರಗೆ ಬಂದು ಕಾಫಿ ಕುಡಿ,” ಎಂದಳು ಕಮಲಕ್ಕ. “ಮದುವೆ ಮನೆಗೆ ಹೋದ್ರೂ ಹಿಂಗೇ ಊಟದ ಮೇಜಿನ ಕೆಳಗೆ ಕೂರ್ತೀಯೇನು?”

ಅರ್ಪಿತಾ ನಕ್ಕಳು. ಆಗಲೇ ಹೊರಗೆ ಜೀಪು ನಿಂತ ಸದ್ದಾಯಿತು.

“ಕಮಲಕ್ಕಾ! ಹುಳ ಮುಟ್ಟಿದೆ, ಬೇಗ ಬನ್ನಿ!”

ಕೂಗಿದವನು ಸೀತೂರಿನ ಧರ್ಮೇಶ್, ಜೀಪು ಅವನದು. ಹಿಂದಿನ ಸೀಟಿನಲ್ಲಿ ಅವನ ನೆರೆಮನೆಯ ಸುಬ್ಬಯ್ಯ ಹೆಂಡತಿ ಗಿರಿಯಮ್ಮನ ಮೈಗೊರಗಿ ಕೂತಿದ್ದ. ಐವತ್ತರ ಆಚೀಚಿನ ಗಟ್ಟಿ ಆಳು. ಸಸಿಮಡಿಯ ಬದು ಸವರುತ್ತಿದ್ದಾಗ ನಾಗರ ಕಚ್ಚಿದೆ. ಮೊಣಕಾಲಿನ ಕೆಳಗೆ ಪಂಚೆಯ ಅಂಚು ಹರಿದು ಕಟ್ಟಿದ್ದರು. ಅವನ ರೆಪ್ಪೆಗಳು ಆಗಲೇ ಜೋಲುತ್ತಿದ್ದವು.

“ನಂಗೆಂತ ಆಗಿಲ್ಲ ಕಮಲಕ್ಕ,” ಎಂದ ಅವನು. ನಾಲಗೆ ತೊದಲುತ್ತಿತ್ತು. “ನಿದ್ದೆ ಬತ್ತದೆ, ಅಷ್ಟೇಯ.”

“ನಿದ್ದೆ ಮಾಡ್ಬೇಡಿ. ಗಿರಿಯಮ್ಮ, ಮಾತಾಡಿಸ್ತಾ ಇರಿ ಅವರನ್ನ.” ಕಮಲಕ್ಕ ಒಳಗೋಡಿ ಬಂದು ಪರದೆ ನೋಡಿದಳು. ಇಲ್ಲಿನ ಬಾಟ್ಲಿಗಳು ಹಿಂದಿನ ವಾರವೇ ಖರ್ಚಾಗಿದ್ದವು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಸ್ವಲ್ಪವೂ ಅಲುಗದೆ ನಿಂತಿತ್ತು: ಕೊಪ್ಪ 12.

“ಕೊಪ್ಪದಲ್ಲಿ ಹನ್ನೆರಡಿದೆ. ಡಾಕ್ಟ್ರೂ ಇದ್ದಾರೆ. ಹೊರಡು ಧರ್ಮೇಶಾ, ಹೊರಡು!”

ಮೇಜಿನ ಕೆಳಗೆ ಅರ್ಪಿತಾಳ ಕೈಯಲ್ಲಿ ಫೋನಿನ ವಯರಿನ ತುದಿಯಿತ್ತು. ಇದರೊಳಗಿಂದ ಏನೂ ಬಂದಿಲ್ಲ. ಆ ಹನ್ನೆರಡು ಲೈನು ಹೋಗುವ ಮುಂಚಿನದು. ಬೆಳಿಗ್ಗೆ ಕಂಬಳಿಯಲ್ಲಿ ಇಳಿಸಿದ ಮನುಷ್ಯ ನೆನಪಾದ. ಒಬ್ಬನಿಗೇ ಎಂಟು ಹತ್ತು ಬಾಟ್ಲಿ ಬೇಕಾಗುತ್ತದೆಂದು ಕಮಲಕ್ಕನೇ ಒಮ್ಮೆ ಹೇಳಿದ್ದಳು.

“ಕಮಲಕ್ಕ,” ಎಂದಳು. ಕಮಲಕ್ಕ ಆಗಲೇ ಬಾಗಿಲಾಚೆ ಹೋಗಿದ್ದಳು. “ಕಮಲಕ್ಕ, ಲೈನಿಲ್ಲ.” ಯಾರಿಗೂ ಕೇಳಲಿಲ್ಲ. ಫೋನೆತ್ತಿ ನೋಡಿದಳು, ಅದೂ ಅದೇ ತಂತಿಯದು, ಗುಂಯ್ ಎನ್ನಲಿಲ್ಲ. ಟವರಿರುವ ಗುಡ್ಡದ ಕಡೆ ಕರೆಂಟು ಹೋಗಿ ಮೊಬೈಲೂ ಸತ್ತಿತ್ತು. ಹೊರಗೆ ಜೀಪು ಸ್ಟಾರ್ಟಾಯಿತು.

ಆಗ ಅವಳು ಓಡಿದಳು. ಓಡಿ ಹೋಗಿ ಜೀಪಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕೊಪ್ಪಕ್ಕೆ ಹೋಗ್ಬೇಡಿ!”

ತನ್ನ ದನಿ ಇಷ್ಟು ದೊಡ್ಡದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

“ಎಂತದು?” ಎಂದ ಧರ್ಮೇಶ್.

“ಅದು ಹಳೇ ಲೆಕ್ಕ. ಬೆಳಿಗ್ಗೆ ಕೊಪ್ಪದಲ್ಲಿ ಒಬ್ಬರಿಗೆ ಹುಳ ಮುಟ್ಟಿ ಕರ್ಕೊಂಡ್ ಬಂದಿದ್ರು, ನಾನೇ ನೋಡಿದೀನಿ. ಅವರಿಗೆ ಕೊಟ್ಟಿದ್ರೆ ಅಲ್ಲಿ ಸಾಕಾಗೋಷ್ಟು ಉಳಿದಿರಲ್ಲ.”

“ಕೊಟ್ಟಿದ್ರೆ ಅಂದ್ರೆ ಎಂತ? ಕೊಟ್ಟಿದಾರಾ, ಇಲ್ವಾ?”

“ಗೊತ್ತಿಲ್ಲ.”

“ಒಳಗಿನ ಪೆಟ್ಟಿಗೆ ಹನ್ನೆರಡು ಅಂತದೆ, ನೀನು ಗೊತ್ತಿಲ್ಲ ಅಂತೀಯ. ಯಾರನ್ನ ನಂಬದು ಮಾರಾಯ್ತಿ?”

“ಅದನ್ನ ಬರೆದೋಳೇ ನಾನು,” ಎಂದಳು ಅರ್ಪಿತಾ. “ಗೊತ್ತಿಲ್ಲದಿದ್ರೂ ಗೊತ್ತಿರೋ ಹಾಗೆ ಹೇಳುತ್ತೆ ಅದು.”

ಧರ್ಮೇಶ್ ಕಮಲಕ್ಕನ ಕಡೆ ನೋಡಿದ. ಕಮಲಕ್ಕ ಪರದೆಯಿದ್ದ ಕೋಣೆಯ ಕಡೆ ತಿರುಗಿ ನೋಡಿದಳು. ಗಿರಿಯಮ್ಮ ಗಂಡನ ತಲೆಯನ್ನು ಭುಜಕ್ಕೆ ಒತ್ತಿಕೊಂಡು ಅರ್ಪಿತಾಳನ್ನೇ ನೋಡುತ್ತಿದ್ದಳು.

“ತಂಗೀ, ಇದು ನಿನ್ನಪ್ಪ ಆಗಿದ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ತಿದ್ದೆ?”

“ಶಿವಮೊಗ್ಗಕ್ಕೆ.”

ಶಿವಮೊಗ್ಗ ಕೊಪ್ಪಕ್ಕಿಂತ ದೂರ. ದಾರಿ ಕಾಡಿನದು. ಆದರೆ ಅಲ್ಲಿ ದೊಡ್ಡಾಸ್ಪತ್ರೆ ಇದೆ, ಔಷಧಿ ಇದ್ದೇ ಇರುತ್ತದೆ. ಧರ್ಮೇಶ್ ಮತ್ತೇನೂ ಕೇಳದೆ ಜೀಪನ್ನು ತಿರುಗಿಸಿದ. ಕೊಪ್ಪದ ಕಡೆಗಿದ್ದ ಮೂತಿ ಶಿವಮೊಗ್ಗದ ಕಡೆಗಾಯಿತು. ಗಿರಿಯಮ್ಮ ಗಂಡನಿಗೆ ಹಟ್ಟಿಯ ಎಮ್ಮೆಯ ವಿಷಯವೋ ಏನೋ ಗಟ್ಟಿಯಾಗಿ ಹೇಳುತ್ತಿದ್ದದ್ದು ತಿರುವಿನವರೆಗೂ ಕೇಳಿಸಿತು.

ಸಂಜೆ ಕೊಪ್ಪದಲ್ಲಿ ಬಸ್ಸಿಳಿದವಳು ನೆಟ್ಟಗೆ ದವಾಖಾನೆಗೆ ಹೋದಳು. ಅಲ್ಲಿನ ನರ್ಸ್ ರಾಧಮ್ಮ ಬ್ಯಾಂಡೇಜು ಸುತ್ತಿಡುತ್ತಿದ್ದಳು.

“ರಾಧಮ್ಮ, ಬೆಳಿಗ್ಗೆ ಬಂದಿದ್ರಲ್ಲ, ಹುಳ ಮುಟ್ಟಿದೋರು. ಅವರಿಗೆ ಎಷ್ಟು ಬಾಟ್ಲಿ ಹಾಕಿದ್ರಿ?”

“ಅಯ್ಯೋ, ಅದಾ!” ರಾಧಮ್ಮ ನಗತೊಡಗಿದಳು. “ಕೇರೆ ಹಾವು ಕಣೇ! ಹಲ್ಲಿನ ಗುರುತು ನೋಡಿದ ಕೂಡ್ಲೇ ಡಾಕ್ಟ್ರಿಗೆ ಗೊತ್ತಾಯ್ತು. ಮಧ್ಯಾಹ್ನದವರೆಗೆ ಕೂರಿಸ್ಕೊಂಡು, ಎಂತ ಆಗ್ಲಿಲ್ಲ ಅಂತ ಕಾಫಿ ಕುಡಿಸಿ ಕಳಿಸಿದ್ರು. ಹೆದರಿಕೆಗೇ ಅರ್ಧ ಸತ್ತಿದ್ದ ಪುಣ್ಯಾತ್ಮ. ಒಂದು ಬಾಟ್ಲಿನೂ ಮುಟ್ಟಿಲ್ಲ.”

ಅರ್ಪಿತಾ ಫ್ರಿಜ್ಜಿನ ಕಡೆ ನೋಡಿದಳು. ರಾಧಮ್ಮನಿಗೆ ಏನನ್ನಿಸಿತೋ, ಎದ್ದು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. ಸಣ್ಣ ಸಣ್ಣ ಗಾಜಿನ ಬಾಟ್ಲಿಗಳು ಒಂದರ ಪಕ್ಕ ಒಂದು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು. ಅವಳು ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ.

ಮರುದಿನ ಬೆಳಿಗ್ಗೆ ಸುದ್ದಿಯನ್ನು ಮಾರಪ್ಪನೇ ತಂದ. ಅಂದು ಅವನು ಮೌನಗೌರಿ ಎನ್ನಲಿಲ್ಲ. “ಸೀತೂರಿನ ಸುಬ್ಬಯ್ಯ ಹೋದ್ನಂತೆ,” ಎಂದ. “ಉಂಬ್ಳೆಬೈಲು ಕಾಡು ದಾಟಕ್ಕಾಗ್ಲಿಲ್ಲ. ಉಸಿರು ನಿಂತಿದ್ದು ಯಾವಾಗ ಅಂತ ಗಿರಿಯಮ್ಮಂಗೂ ಗೊತ್ತಾಗ್ಲಿಲ್ವಂತೆ. ಮಾತಾಡಿಸ್ತಾನೇ ಇದ್ಲಂತೆ.”

ವಾರ ಕಳೆಯುವ ಮೊದಲೇ ಟ್ರಸ್ಟಿನವರು ಕೊಪ್ಪದಲ್ಲಿ ಸಭೆ ಕರೆದರು. ಪರಮೇಶ್ವರಪ್ಪನವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೋಡಮ್ಮ, ನೀನು ಒಳ್ಳೇದಕ್ಕೇ ಹೇಳಿದ್ದೀಯ, ನನಗೆ ಗೊತ್ತು. ಆದ್ರೆ ಕಂಪ್ಯೂಟರ್ ಹನ್ನೆರಡು ಅಂತು, ಇದ್ದದ್ದೂ ಹನ್ನೆರಡೇ. ಅದು ಸರಿಯಾಗೇ ಹೇಳಿತ್ತು.”

“ಅದು ಹೇಳಲಿಲ್ಲ ಸರ್,” ಎಂದಳು ಅರ್ಪಿತಾ. “ಮುಂಚೆ ಯಾವಾಗಲೋ ಕೇಳಿದ್ದನ್ನೇ ಮತ್ತೆ ಹೇಳ್ತು, ಅಷ್ಟೆ. ಈ ಸಲ ಸರಿ ಬಂತು. ಎಲ್ಲ ಸಲ ಬರಲ್ಲ. ಗೊತ್ತಿಲ್ಲ ಅಂತ ಬರೋ ಹಾಗೆ ಮಾಡೋಣ. ಬೇಡ ಅಂದ್ರೆ ಯಾವಾಗಿನ ಲೆಕ್ಕ ಅಂತನಾದ್ರೂ ಹಾಕೋಣ. ಒಂದೇ ಸಾಲು ಸರ್.”

“ನಿಜ ಆಯ್ತಲ್ಲಮ್ಮ ಅದು ಹೇಳಿದ್ದು! ಸುಳ್ಳಾಗಿದ್ರೆ ನೀನು ಹೇಳೋದು ಕೇಳಬಹುದಿತ್ತು.”

ಅವಳು ಕೊಪ್ಪದ ಡಾಕ್ಟರ ಕಡೆ ನೋಡಿದಳು. ಕೊಪ್ಪಕ್ಕೆ ಬಂದಿದ್ದರೆ ಬದುಕುತ್ತಿದ್ದನೋ ಎಂದು ಯಾರೋ ಆಗಲೇ ಅವರನ್ನು ಕೇಳಿದ್ದರು. ಹೇಳಲಿಕ್ಕಾಗುವುದಿಲ್ಲ ಎಂದು ಅವರು ಅಂದಿದ್ದರು. ಆ ಮಾತನ್ನು ಸಭೆಯಲ್ಲಿ ಯಾರೂ ಎತ್ತಿಕೊಳ್ಳಲಿಲ್ಲ. ಪ್ರಸನ್ನಕುಮಾರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಇನ್ನು ಮುಂದೆ ಮೂರೂ ದವಾಖಾನೆಯವರು ಪರದೆಯಲ್ಲಿ ಬಂದದ್ದರಂತೆ ನಡೆಯತಕ್ಕದ್ದು, ಬೇರೆ ಯಾರ ಮಾತಿನ ಮೇಲೂ ರೋಗಿಯನ್ನು ತಿರುಗಿಸತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಟ್ರಸ್ಟಿನ ಕೆಲಸದಿಂದ ಅರ್ಪಿತಾಳನ್ನು ಬಿಡಿಸಿದರು. ಸೆಂಟರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡಲು ಇಟ್ಟುಕೊಂಡರು. ಸಂಜೆಯೇ ಪ್ರಸನ್ನಕುಮಾರ್ ಪಾಸ್‌ವರ್ಡ್ ಬದಲಾಯಿಸಿದರು. ಬದಲಾಯಿಸುವಾಗ ಅವಳ ಕಡೆ ನೋಡಲಿಲ್ಲ.

ಸುಬ್ಬಯ್ಯನ ಹನ್ನೊಂದನೆಯ ದಿನ ಕಳೆದ ಮೇಲೆ ಅವಳು ಸೀತೂರಿಗೆ ಹೋದಳು. ಗಿರಿಯಮ್ಮ ಜಗಲಿಯಲ್ಲಿ ಕೂತು ಬಿತ್ತನೆಗೆ ಮಿಕ್ಕ ಭತ್ತ ಕೇರುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

“ಅಲ್ಲಿ ಎಷ್ಟಿತ್ತಂತೆ?” ಎಂದು ಕೇಳಿದಳು.

“ಹನ್ನೆರಡು.”

“ಪೆಟ್ಟಿಗೆ ಎಷ್ಟಂದಿತ್ತು?”

“ಹನ್ನೆರಡು.”

“ಹಂಗಾದ್ರೆ ಅದಕ್ಕೆ ಗೊತ್ತಿತ್ತು.”

“ಅದಕ್ಕೆ ಗೊತ್ತಿರಲಿಲ್ಲ, ಅಮ್ಮ.”

ಗಿರಿಯಮ್ಮ ಮೊರ ಕೆಳಗಿಟ್ಟಳು. “ಗೊತ್ತಿಲ್ಲದ ಅದು ನಿಜ ಹೇಳ್ತು. ಎಲ್ಲ ಗೊತ್ತಿದ್ದ ನೀನು ದಾರಿ ತಿರುಗಿಸಿದೆ. ನಾನು ನಿನ್ನ ಮಾತು ಕೇಳ್ದೆ. ಇನ್ನು ಎಂತ ಮಾತಾಡದು ತಂಗೀ, ಹೋಗು.” ಎದ್ದು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದೂ ಬರಲಿಲ್ಲ. ಕೇರಿದ ಭತ್ತಕ್ಕೆ ಕೋಳಿ ಬಂದು ಬಾಯಿ ಹಾಕಿತು. ಅರ್ಪಿತಾ ಕೋಳಿ ಅಟ್ಟಿ, ಮೊರವನ್ನು ಎತ್ತಿ ಜಗಲಿಯ ಮೇಲಿಟ್ಟು ಬಂದಳು.

ಶ್ರಾವಣದ ಕೊನೆಗೆ ಮತ್ತೆ ಗಾಳಿ ಹೊಡೆದು ಲೈನು ಹೋಯಿತು. ಮರುದಿನ ಬೆಳಿಗ್ಗೆ ಹಿರೇಕೊಡಿಗೆಯ ಹೆಂಗಸೊಬ್ಬಳನ್ನು ಕೊಪ್ಪದ ದವಾಖಾನೆಗೆ ತಂದಿದ್ದರು. ಕೊಳಕುಮಂಡಲ ಹಾವು ಕಚ್ಚಿತ್ತು. ಊರಿನವಳೆಂದು ಅರ್ಪಿತಾ ನೋಡಲು ಹೋದಳು. ಹೆಂಗಸು ಉಳಿಯುವ ಹಾಗಿದ್ದಳು. ರಾಧಮ್ಮ ಖಾಲಿ ಬಾಟ್ಲಿಗಳನ್ನು ಬಕೆಟ್ಟಿಗೆ ಹಾಕುತ್ತಿದ್ದಳು.

“ಎಷ್ಟುಳಿದಿದೆ ರಾಧಮ್ಮ?”

“ಎರಡು. ಕಂಪ್ಯೂಟರಿಗೆ ಹಾಕಿದೀನಿ, ಲೈನ್ ಬಂದ ಮೇಲೆ ಎಲ್ಲ ಕಡೆ ಹೋಗುತ್ತೆ.”

ನರಸಿಂಹರಾಜಪುರದ ಪರದೆಯ ಮೇಲೆ ಈಗ ಏನಿದೆ ಎಂಬುದು ಅರ್ಪಿತಾಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಬಸ್ ಸ್ಟ್ಯಾಂಡಿಗೆ ಓಡಿ, ಲಗ್ನಪತ್ರಿಕೆಯ ಹಾಳು ಪ್ರತಿಯೊಂದರ ಹಿಂದೆ ‘ಕೊಪ್ಪದಲ್ಲಿ ಎರಡೇ ಇದೆ. ಬೆಳಿಗ್ಗೆ ಒಂಬತ್ತೂವರೆಯ ಲೆಕ್ಕ’ ಎಂದು ಬರೆದು ಮಾರಪ್ಪನ ಕೈಗೆ ಕೊಟ್ಟಳು.

“ಎಂತ ಮೌನಗೌರಿ, ಕಂಪ್ಯೂಟರ್ ಬಂದ ಮೇಲೂ ಚೀಟಿಯಾ?” ಎಂದವನು ಅವಳ ಮುಖ ನೋಡಿ ಚೀಟಿಯನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಸಂಜೆ ಬಸ್ಸು ಬಂದಾಗ ಅವನು ಅದೇ ಚೀಟಿಯನ್ನು ವಾಪಸು ಕೊಟ್ಟ. ಕೆಳಗೆ ಕಮಲಕ್ಕನ ಅಕ್ಷರದಲ್ಲಿ ಒಂದು ಸಾಲಿತ್ತು: ‘ಹೀಗೆಲ್ಲ ಕಳಿಸಬೇಡ ಅರ್ಪಿತಾ. ನಿನ್ನ ಮಾತು ಕೇಳಿದೆ ಅಂತಾದರೆ ನನ್ನ ಕೆಲಸ ಹೋಗುತ್ತದೆ.’

“ಓದಿ ನನ್ನ ಎದುರಿಗೇ ಪರದೆ ನೋಡಿದ್ಲು,” ಎಂದ ಮಾರಪ್ಪ. “ಹನ್ನೆರಡು ಅಂತಲೇ ಇತ್ತು. ಸ್ವಲ್ಪ ಹೊತ್ತು ನಿಂತ್ಲು. ಆಮೇಲೆ ಇದನ್ನ ಬರೆದು ಕೊಟ್ಲು.”

ಆ ರಾತ್ರಿಯೂ ಲೈನು ಬರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಅರ್ಪಿತಾ ದವಾಖಾನೆಗೆ ಹೋಗಿ ಎಷ್ಟಿದೆಯೆಂದು ಕೇಳಿಕೊಂಡು, ಹೊಸ ಚೀಟಿ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಮಾರಪ್ಪ ಅವಳ ಕೈಯನ್ನು ನೋಡಿದ.

“ಮತ್ತೆ ತಂದ್ಯಾ? ತಗೊಳ್ಳಲ್ಲ ಮಾರಾಯ್ತಿ ಅವಳು.”

“ತಗೊಳ್ಳಲಿಲ್ಲ ಅಂದ್ರೆ, ತಗೊಳ್ಳಲಿಲ್ಲ ಅಂತ ಬಂದು ನಂಗೆ ಹೇಳಿ,” ಎಂದಳು ಅರ್ಪಿತಾ. “ಅಷ್ಟಾದ್ರೂ ಗೊತ್ತಾಗಲಿ.”

ಅವನು ಚೀಟಿ ಇಸಿದುಕೊಂಡು ಸೀಟಿ ಊದಿದ. ಬಸ್ಸು ನರಸಿಂಹರಾಜಪುರದ ಕಡೆಗೆ ಹೊರಟಿತು. ಸೀತೂರಿನಲ್ಲಿ, ಸುತ್ತಿನ ಊರುಗಳಲ್ಲಿ ಜನ ಆಗಲೇ ಕತ್ತಿ ಹಿಡಿದು ಗದ್ದೆಗೆ ಇಳಿದಿರುತ್ತಾರೆ.